ನಿಂತ ಜಾಗ ದಾಟಿದ ಹಾಡು

ಇಂಥ ಸಂಗತಿಯನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಪುಟ ಮಗುಚಿಬಿಡುತ್ತಿದ್ದೆ. ಸತ್ತವರು ಕರೆದರು, ಬಾಗಿಲಲ್ಲಿ ನಿಂತಿದ್ದರು ಎಂದು ಹೇಳುವವರ ಎದುರು ಕೂತು ನಗು ತಡೆಯಲು ಕಷ್ಟಪಟ್ಟವಳು ನಾನು. ಚಳ್ಳಕೆರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಗಾಳಿ ಸೋಕಿದೆ ಎಂದು ಕರೆತಂದ ಹೆಣ್ಣುಮಕ್ಕಳ ಮೈಯಲ್ಲಿ ರಕ್ತವೇ ಇಲ್ಲ ಎಂದು ಎಷ್ಟೋ ಸಲ ಬರೆದುಕೊಟ್ಟಿದ್ದೇನೆ. ಕಣ್ಣಿಗೆ ಕಂಡದ್ದನ್ನು ಬರೆಯುವುದು ನನ್ನ ಕೆಲಸವಾಗಿತ್ತು. ಈಗಲೂ ಅಷ್ಟನ್ನೇ ಮಾಡುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಮೊದಲು ನನ್ನ ಅವ್ವನ ವಿಷಯ ಹೇಳಬೇಕು. ಅವ್ವ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವರ ಮನೆಯಲ್ಲಿ ಕೂಲಿಗೆ ಮಗ್ಗದ ಮೇಲೆ ಕೂರುತ್ತಿದ್ದಳು. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಹೋದ. ಅವ್ವನಿಗಿದ್ದ ಒಂದೇ ಆಸ್ತಿ ಅವಳ ಗಂಟಲು. ಮದುವೆ ಮನೆಗಳಲ್ಲಿ ಸೋಬಾನೆ ಹೇಳುವಾಗ ಉಳಿದ ಹೆಂಗಸರು ಅವಳ ದನಿಯ ಹಿಂದೆ ನಡೆದು ಬರುತ್ತಿದ್ದರು. ಅಪ್ಪ ಹೋದ ಮೇಲೆ ಅವಳು ಶುಭಕಾರ್ಯಗಳಲ್ಲಿ ಹಿಂದೆ ಕೂರತೊಡಗಿದಳು. ಆದರೂ ಹಾಡಿನ ನುಡಿ ಯಾರಿಗಾದರೂ ಮರೆತಾಗ ಹಿಂದಿನಿಂದ ಎತ್ತಿಕೊಡುವುದು ಅವಳೇ.

ಅವಳ ಅಣ್ಣ ಓಬಣ್ಣ, ನನಗೆ ಸೋದರಮಾವ, ರಾಂಪುರದ ಹತ್ತಿರದ ಹಳ್ಳಿಯವನು. ಆಂಧ್ರದ ಗಡಿಗೆ ಅಂಟಿಕೊಂಡ ಊರು. ಆ ಕಡೆಯ ಎಲ್ಲರಂತೆ ಅವನಿಗೂ ಎರಡು ಭಾಷೆ. ಸಿಟ್ಟು ಬಂದಾಗ ಮಾತ್ರ ಮೊದಲು ತೆಲುಗು ಬರುತ್ತಿತ್ತು. ಅವನ ಮಗಳು ಸುಮಿತ್ರಳ ಮದುವೆಯಲ್ಲಿ ಅರಿಶಿನ ಹಚ್ಚುವಾಗ ಹಾಡು ಹೇಳಲು ಅವ್ವನೇ ಬೇಕೆಂದು ಮದುಮಗಳು ಹಟ ಹಿಡಿದಳು. ಬಳ್ಳಾರಿಯಲ್ಲಿ ಕೆಲಸಕ್ಕಿದ್ದ ನೆಂಟನೊಬ್ಬ ಟೇಪ್ ರೆಕಾರ್ಡರ್ ತಂದಿದ್ದ. ಅವ್ವ ಹಾಡು ಎತ್ತಿದಳು. ಒಂದು ಸುತ್ತು ಆಗಿರಬೇಕು, ಗಂಡಿನ ಕಡೆಯ ಹೆಂಗಸರಲ್ಲಿ ಗುಸುಗುಸು ಶುರುವಾಯಿತು. ಮಾವ ಚಪ್ಪರದೊಳಗೆ ಬಂದ, ಬಗ್ಗಿ ಅವ್ವನ ಕಿವಿಯಲ್ಲಿ ಏನೋ ಹೇಳಿದ, ರಟ್ಟೆ ಹಿಡಿದು ಎಬ್ಬಿಸಿದ. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ನನ್ನ ತೊಡೆಯ ಮೇಲಿದ್ದ ಅವಳ ಕೈ ಕಿತ್ತುಹೋದದ್ದು ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ಅವ್ವ ಹಾಡಲಿಲ್ಲ. ಮದುವೆ ಮನೆಯಲ್ಲಿ ಮಾತ್ರವಲ್ಲ, ಮಗ್ಗದ ಮುಂದೆಯೂ ಹಾಡಲಿಲ್ಲ. ನನ್ನ ಮದುವೆಯ ದಿನ ಒಂದೇ ಒಂದು ನುಡಿ ಹೇಳವ್ವ ಎಂದು ಕಾಲು ಹಿಡಿದೆ. ಗಂಟಲು ಬಿದ್ದೋಗಿದೆ ಎಂದಳು. ಮಾವನನ್ನು ಯಾರಾದರೂ ಕೇಳಿದರೆ, ನಾನು ಯಾಕೆ ಎಬ್ಬಿಸಲಿ, ಅವಳಿಗೇ ದುಃಖ ಉಕ್ಕಿ ಬಂತು, ಎದ್ದುಹೋದಳು ಎನ್ನುತ್ತಿದ್ದ. ನೆಂಟರೆಲ್ಲ ಅದನ್ನೇ ನಂಬಿದರು. ಅವ್ವ ಬಾಯಿ ಬಿಡಲಿಲ್ಲ. ನಾನು ರೇಗಿದಾಗಲೆಲ್ಲ ಅವಳದು ಒಂದೇ ಮಾತು: “ಹೋಗ್ಲಿ ಬಿಡವ್ವ. ಬೀಗ್ರು ಎದ್ದೋಗ್ತಾರೆ ಅಂತ ಅಣ್ಣ ಹೆದ್ರಿದ.” ಹಾಗೆ ಹೇಳುತ್ತಲೇ ಒಂದು ದಿನ ತೀರಿಕೊಂಡಳು. ಆ ಮಾತನ್ನು ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ.

ಮದುವೆಯ ಕ್ಯಾಸೆಟ್ಟನ್ನು ಸುಮಿತ್ರಳೇ ನನಗೆ ಕೊಟ್ಟಿದ್ದಳು. ಅದರಲ್ಲಿ ಅವ್ವನ ದನಿ ಬರುತ್ತದೆ, ಹೆಂಗಸರು ಸೊಲ್ಲು ಕೂಡಿಸುತ್ತಾರೆ, ‘ಸರಸರನೆ ಬಾರೆ ಹಸೆ’ ಎಂಬಲ್ಲಿಗೆ ಹಾಡು ಕಡಿಯುತ್ತದೆ. ಒಂದು ಗಂಡು ದನಿ ಗುಜುಗುಜು ಅನ್ನುತ್ತದೆ. ಟಕ್ಕೆಂದು ರೆಕಾರ್ಡರ್ ಆರಿಸಿದ ಸದ್ದು. ಅಲ್ಲಿಂದ ಕೊನೆಯವರೆಗೂ ಟೇಪು ಖಾಲಿ. ಆ ಗುಜುಗುಜಿನಲ್ಲಿ ಏನಿದೆ ಎಂದು ಎಷ್ಟೋ ಸಲ ಕಿವಿ ಹಚ್ಚಿ ಕೂತಿದ್ದೇನೆ. ನಮ್ಮ ಮನೆಯ ಹಳೆಯ ಆಂಪ್ಲಿಫೈಯರ್ ಸದಾ ಗುಂಯ್ ಎನ್ನುತ್ತಿತ್ತು. ಆ ಗುಂಯ್‌ನೊಳಗೆ ಮಾವನ ಮಾತು ಮುಳುಗಿಹೋಗುತ್ತಿತ್ತು.

ಹಾಡು ಕೇಳುವುದು ನನ್ನ ಹುಚ್ಚು. ಸಂಬಳ ಬರತೊಡಗಿದಂದಿನಿಂದ ಒಂದೊಂದಾಗಿ ಕೂಡಿಸಿಕೊಂಡ ಸಾಮಾನು ನಮ್ಮ ನಡುಮನೆಯಲ್ಲಿತ್ತು: ಹಳೆಯದಾದರೂ ಒಳ್ಳೆಯ ಕ್ಯಾಸೆಟ್ ಡೆಕ್ಕು, ಎದೆಯೆತ್ತರದ ಎರಡು ಸ್ಪೀಕರು. ಒಮ್ಮೆ ದಾವಣಗೆರೆಯಲ್ಲಿ ಗೆಳತಿಯ ಮನೆಗೆ ಹೋದಾಗ ಅವಳ ಗಂಡ ಹೊಸದಾಗಿ ತಂದಿದ್ದ ದುಬಾರಿ ಆಂಪ್ಲಿಫೈಯರ್ ತೋರಿಸಿ, ನಾನು ಬಾಯಿಪಾಠ ಮಾಡಿಕೊಂಡಿದ್ದಂಥ ಒಂದು ಹಾಡನ್ನು ಹಾಕಿದರು. ಸಾಲು ಎತ್ತುವ ಮೊದಲು ಹಾಡುವಾಕೆ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಅಷ್ಟು ವರ್ಷ ಕೇಳಿದ ಹಾಡಿನಲ್ಲಿ ಆ ಉಸಿರು ಇತ್ತೆಂದೇ ನನಗೆ ಗೊತ್ತಿರಲಿಲ್ಲ. ಅವರು ಇನ್ನೂ ಏನೇನೋ ವಿವರಿಸುತ್ತಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಉಸಿರು ಕೇಳಿಸುವುದಾದರೆ ಮಾವನ ಮಾತೂ ಕೇಳಿಸುತ್ತದೆ.

ಅಂಥದೇ ಒಂದನ್ನು ನಾನು ಬೆಂಗಳೂರಿನಿಂದ ತರಿಸಿದೆ. ಅದರ ಬೆಲೆ ಹೇಳಿದರೆ ನನ್ನ ಬುದ್ಧಿಯ ಬಗ್ಗೆ ನಿಮಗೆ ಅನುಮಾನ ಬಂದೀತು. ಇಬ್ಬರು ಹಿಡಿದು ಇಳಿಸಬೇಕಾದಷ್ಟು ಭಾರ. ಮುಂಭಾಗದಲ್ಲಿ ಗಾಜಿನ ಹಿಂದೆ ನೀಲಿ ಬೆಳಕು, ಅದರಲ್ಲಿ ಎರಡು ಮುಳ್ಳುಗಳು. ಸದ್ದು ಹೊರಟರೆ ಮುಳ್ಳು ಬಲಕ್ಕೆ ಹಾರುತ್ತದೆ, ಸದ್ದು ನಿಂತರೆ ಎಡಕ್ಕೆ ಬಿದ್ದು ಮಲಗುತ್ತದೆ. ಇದೆಲ್ಲ ಹಾಡು ಕೇಳುವುದಕ್ಕೇನಾ ಎಂದು ನಮ್ಮ ಮನೆಯವರು ಕೇಳಿದರು. ಹೌದು ಎಂದೆ.

ಜೋಡಿಸಿದ ದಿನವೇ ಕ್ಯಾಸೆಟ್ ಹಾಕಿದೆ. ಗುಂಯ್ ಇಲ್ಲ. ಅವ್ವ ಎದುರಿಗೆ ಕೂತು ಹೇಳಿದಂತೆ ಹಾಡು ಬಂತು. ಹಸೆ ಎಂಬಲ್ಲಿ ಕಡಿಯಿತು. ಆಮೇಲೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಮಾವನ ದನಿ: “ನೋರು ಮುಯ್ಯಿ. ಗಂಡನ್ನ ನುಂಗಿದೋಳು ನನ್ನ ಮಗಳ ಹಸೆ ಮುಂದೆ ಬಾಯಿ ತೆರೀತೀಯಾ? ಏಳು.” ಬಾಯಿ ಮುಚ್ಚು ಎಂದು ತೆಲುಗಿನಲ್ಲಿ ಶುರುಮಾಡಿ ಮಿಕ್ಕದ್ದನ್ನು ಕನ್ನಡದಲ್ಲಿ ಮುಗಿಸಿದ್ದ. ಅದರ ಹಿಂದೆಯೇ, ನಾನು ಆವರೆಗೆ ಕೇಳಿಯೇ ಇರದ ಅವ್ವನ ಮಾತು: “ಕೈ ಬಿಡಣ್ಣಾ, ಏಳ್ತೀನಿ.” ಟಕ್.

ಮನೆಯವರು ಪಕ್ಕದಲ್ಲೇ ಇದ್ದರು. ನನಗೆ ಅಳು ಬರಲಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ನನಗೆ ಬಂದದ್ದು ಸಂತೋಷ. ಕೊನೆಗೂ ಸಿಕ್ಕಿಬಿದ್ದ ಎನ್ನುವ ಸಂತೋಷ.

ಆಗಷ್ಟೇ ನನ್ನ ಮಗನ ಮದುವೆಯಾಗಿತ್ತು. ಸೊಸೆ ಅಶ್ವಿನಿ ಮೈಸೂರಿನ ಕಡೆಯವಳು. ಬೀಗರೂಟಕ್ಕೆ ನಮ್ಮ ಕಡೆಯವರನ್ನೆಲ್ಲ ಚಳ್ಳಕೆರೆಗೆ ಕರೆದೆ. ಮಾವನನ್ನು ನಾನೇ ಹೋಗಿ ಕರೆದು ಬಂದೆ. ಹಿರಿಯರು ನೀವು ಬರಲೇಬೇಕು ಎಂದೆ. ಅವನಿಗೆ ಆಗಲೇ ವಯಸ್ಸಾಗಿತ್ತು, ಬಿಳಿ ಪಂಚೆ ಉಟ್ಟು ಬೆತ್ತ ಹಿಡಿದು ಬಂದ. ಉಂಡಾದ ಮೇಲೆ ಎಲ್ಲರೂ ನಡುಮನೆಯಲ್ಲಿ ಎಲೆಅಡಿಕೆ ಹಾಕುತ್ತ ಕೂತರು. ಹೊರಗೆ ಬಿಸಿಲು ಕಾದಿತ್ತು, ಕಿಟಕಿಗಳಿಗೆ ಪರದೆ ಎಳೆದಿದ್ದೆ. ಎರಡು ಸ್ಪೀಕರುಗಳ ಎದುರಿಗೆ, ಸರಿಯಾಗಿ ಮಧ್ಯಕ್ಕೆ, ಮಾವನ ಕುರ್ಚಿ ಹಾಕಿಸಿದ್ದೆ. ಅವನ ಪಕ್ಕದಲ್ಲಿ ಚಿಕ್ಕವ್ವ ಮಾರಕ್ಕ, ಅವನ ಕಿರಿಯ ತಂಗಿ. ಸುಮಿತ್ರಳ ಮದುವೆಯಲ್ಲಿ ಸೊಲ್ಲು ಕೂಡಿಸಿದವರಲ್ಲಿ ಅವಳೂ ಒಬ್ಬಳು. ಅಣ್ಣನ ಮೇಲೆ ಸುಳ್ಳು ಹೊರಿಸುತ್ತೀಯ ಎಂದು ನನ್ನನ್ನು ಬೈದವರಲ್ಲಿಯೂ ಮೊದಲನೆಯವಳು.

ಅವ್ವನ ಹಾಡು ಕೇಳೋಣ ಎಂದೆ. ಎಲ್ಲರೂ ಹಿಗ್ಗಿದರು. ಮಾವನೂ ತಲೆಯಾಡಿಸಿದ. ಅವನಿಗೆ ಕ್ಯಾಸೆಟ್ಟಿನ ವಿಷಯ ಗೊತ್ತಿತ್ತು. ಅದರಲ್ಲಿ ಏನೂ ತಿಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ನಾನು ಆಂಪ್ಲಿಫೈಯರಿನ ಪಕ್ಕ ನೆಲದ ಮೇಲೆ ಕೂತೆ, ಅವನ ಮುಖ ಕಾಣುವ ಹಾಗೆ. ಅಶ್ವಿನಿ ಮೂಲೆಯಲ್ಲಿ ನಿಂತು ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದಳು.

ಹಾಡು ಶುರುವಾಯಿತು.

ಅರಿಶಿನ ಅರೆದೇವೋ ಅಂಗಳದ ಒರಳಾಗ
ಸರಸರನೆ ಬಾರೆ ಹಸೆಮಣೆಗೆ

ಮೊದಲ ಸುತ್ತು ಹೆಂಗಸರು ಇದನ್ನು ಪೂರ್ತಿ ಕೂಡಿಸುತ್ತಾರೆ. ಎರಡನೇ ಸುತ್ತಿನಲ್ಲಿ ‘ಹಸೆ’ ಎಂಬಲ್ಲಿ ಕಡಿಯಬೇಕು. ನಾನು ಸದ್ದು ಹೆಚ್ಚಿಸಿ ಮಾವನನ್ನೇ ನೋಡುತ್ತಿದ್ದೆ. ಹಸೆ ಬಂತು. ಹಾಡು ಕಡಿಯಲಿಲ್ಲ.

‘ಮಣೆಗೆ’ ಎಂದು ಅವ್ವ ಸಾಲು ಮುಗಿಸಿದಳು. ಹೆಂಗಸರು ಸೊಲ್ಲು ಕೂಡಿಸಿದರು. ಅವ್ವ ಮುಂದಿನ ನುಡಿ ಎತ್ತಿದಳು.

ಹಸೆಗೆ ಬಾ ಮಗಳೆ ನಿನ್ನಪ್ಪ ಓಬಣ್ಣ
ಬಿಸಿಲಾಗ ನಿಂತು ನೆರಳಾದ
ಬಿಸಿಲಾಗ ನೆರಳಾದ ನನ್ನಣ್ಣನ ಹೆಸರೀಗೆ
ಹಾಲು ತುಪ್ಪವನೆ ಎರೆದೇವೋ

ನಾನು ಕ್ಯಾಸೆಟ್ ಕಡೆ ತಿರುಗಿದೆ. ಚಕ್ರಗಳು ತಿರುಗುತ್ತಿದ್ದವು, ಅದರಲ್ಲಿ ವಿಶೇಷವಿಲ್ಲ. ಆಂಪ್ಲಿಫೈಯರ್ ನೋಡಿದೆ. ಎರಡೂ ಮುಳ್ಳುಗಳು ಎಡಕ್ಕೆ ಬಿದ್ದು ಮಲಗಿದ್ದವು. ನಡುಮನೆಯ ತುಂಬ ಅವ್ವನ ದನಿ ಇತ್ತು, ಮುಳ್ಳು ಅಲುಗುತ್ತಿರಲಿಲ್ಲ. ಕೈ ಚಾಚಿ ಸದ್ದು ತಗ್ಗಿಸಿದೆ. ಹಾಡು ತಗ್ಗಲಿಲ್ಲ. ಅದು ತನ್ನ ಪಾಡಿಗೆ ತಾನು ಇನ್ನೂ ಮೂರು ನಾಲ್ಕು ನುಡಿ ನಡೆದು, ಮಂಗಳ ಹೇಳಿ, ಎಲ್ಲ ಸೋಬಾನೆ ಮುಗಿಯುವ ಹಾಗೆಯೇ ಮುಗಿಯಿತು.

ಯಾರೂ ಹೆದರಲಿಲ್ಲ, ಯಾಕೆಂದರೆ ಹೆದರುವುದಕ್ಕೆ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅವರು ಕೇಳಿದ್ದು ಒಂದು ಪೂರ್ತಿ ಹಾಡು. ಮಾರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು: “ಹಾಡು ಪೂರ್ತಿ ಐತಲ್ಲ. ನನಗೇ ಮರ್ತೋಗಿತ್ತು, ಮುಗಿಸೇ ಎದ್ದೋಗ್ಯಾಳೆ. ಪಾಪ, ಅಣ್ಣನ ಹೆಸರು ಹಿಡಿದು ಹಾಡ್ಯಾಳೆ. ಇಷ್ಟು ವರ್ಷ ಇವ್ರನ್ನ ಸುಮ್ ಸುಮ್ನೆ ಅಂದ್ಕಂತ ಬಂದ್ಯಲ್ಲೇ.” ನನ್ನ ಮಗನೂ ನನ್ನ ಮುಖ ನೋಡಿದ. ಇಡೀ ಮನೆ ನನ್ನ ಮುಖ ನೋಡಿತು. ಅಲ್ಲ, ಇದು ಕಡಿಯುತ್ತದೆ, ಇವರ ಮಾತು ಇದೆ ಎಂದು ನಾನು ಏನೇನೋ ತೊದಲಿದೆ. ಮನೆಯವರ ಕಡೆ ತಿರುಗಿದೆ. ಅವರು ಅದನ್ನು ಕೇಳಿದ್ದವರು. ಅವರು ಗೋಡೆ ನೋಡುತ್ತಿದ್ದರು.

ಆಗ ನನಗೆ ಸಿಟ್ಟು ಬಂದದ್ದು ಮಾವನ ಮೇಲಲ್ಲ, ಅವ್ವನ ಮೇಲೆ. ಸತ್ತ ಮೇಲೂ ಅಣ್ಣನ ಕಡೆಯೇ ನಿಂತೆಯಲ್ಲ ಎಂದು. ನಾನು ಅಷ್ಟು ವರ್ಷ ಕಾದು, ಅಷ್ಟೆಲ್ಲ ಹೊಂದಿಸಿ, ಅವಳ ಅವಮಾನಕ್ಕೆ ಸಾಕ್ಷಿ ತಂದು ನಿಲ್ಲಿಸಿದರೆ ಅವಳೇ ಬಂದು ಸಾಕ್ಷಿಯನ್ನು ಅಳಿಸಿಹಾಕಿದಂತೆ ಆಯಿತು.

ಮಾವ ಮಾತ್ರ ಬೇರೆಯವರ ಹಾಗೆ ಇರಲಿಲ್ಲ. ಕಳಂಕ ತೊಳೆದುಹೋದವನ ಮುಖ ಅದಲ್ಲ. ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನು ಮರೆತು ಕೂತಿದ್ದ. ಮಾರಕ್ಕ ಭುಜ ತಟ್ಟಿದರೆ ಬೆಚ್ಚಿದ. ಕಾಫಿ ಬೇಡವೆಂದು ಎದ್ದು ಬೆತ್ತ ತಡಕಿದ. ನಾನು ಬಾಗಿಲವರೆಗೂ ಹೋದೆ. ಮೆಟ್ಟಿಲ ಹತ್ತಿರ ನಿಂತು, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಕೇಳಿದ:

“ಎಬ್ಬಿಸಿದ್ದು ನಾನೇ ಅಲ್ವೇನವ್ವ?”

“ಹೌದು ಮಾವ. ನೀವೇ.”

ಅವನು ತಲೆಯಾಡಿಸಿ ಇಳಿದುಹೋದ.

ನೆಂಟರೆಲ್ಲ ಹೊರಟ ಮೇಲೆ, ಇನ್ನೂ ಸಂಜೆಯ ಬೆಳಕಿರುವಾಗಲೇ, ಅದೇ ಕ್ಯಾಸೆಟ್ಟನ್ನು ಮತ್ತೆ ಹಾಕಿದೆ. ಹಸೆ ಎಂಬಲ್ಲಿ ಕಡಿಯಿತು. ನೋರು ಮುಯ್ಯಿ. ಕೈ ಬಿಡಣ್ಣಾ. ಟಕ್. ಅಲ್ಲಿಂದ ಖಾಲಿ. ಮನೆಯವರು ಬಾಗಿಲಲ್ಲಿ ನಿಂತು ಕೇಳಿ, ಮಧ್ಯಾಹ್ನ ನನಗೂ ಹಾಡು ಪೂರ್ತಿ ಕೇಳಿಸಿದ್ದು ನಿಜ ಎಂದರು. ಅದಾದ ಮೇಲೆ ಆ ವಿಷಯವನ್ನು ಅವರು ಎತ್ತಿದ್ದಿಲ್ಲ. ಮರುದಿನ ಮಾರಕ್ಕನಿಗೆ ಫೋನು ಮಾಡಿ ಸ್ಪೀಕರಿನ ಹತ್ತಿರ ಹಿಡಿದೆ. ಇದು ಬೇರೆ ಕ್ಯಾಸೆಟ್ಟು, ಈಗಿನ ಕಾಲದಲ್ಲಿ ಏನು ಬೇಕಾದರೂ ಮಾಡುತ್ತಾರೆ ಎಂದು ಅವಳು ಫೋನಿಟ್ಟಳು.

ಎಲ್ಲರೂ ಆ ಹಾಡು ಬಲ್ಲವರು, ಮನಸ್ಸೇ ಮಿಕ್ಕದ್ದನ್ನು ತುಂಬಿಕೊಂಡಿರಬಹುದು ಎಂದು ನಾನೂ ಯೋಚಿಸಿದೆ. ಹಾಗೆ ಅಂದುಕೊಂಡು ಒಂದೆರಡು ದಿನ ನಿದ್ದೆಯನ್ನೂ ಮಾಡಿದೆ. ಆಮೇಲೆ ಒಂದು ಬೆಳಿಗ್ಗೆ ಅಶ್ವಿನಿ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ‘ಬಿಸಿಲಾಗ ನಿಂತು ನೆರಳಾದ’ ಎಂದು ಗುನುಗುತ್ತಿದ್ದಳು. ನಮ್ಮ ಕಡೆಯ ಸೋಬಾನೆಯನ್ನು ಅವಳು ಹುಟ್ಟಿದಾಗಿನಿಂದ ಕೇಳಿದವಳಲ್ಲ. ಎಲ್ಲಿ ಕಲಿತೆ ಎಂದರೆ, “ಅವತ್ತು ಹಾಕಿದ್ರಲ್ಲ ಅತ್ತೆ, ಆ ಸಾಲು ತಲೇಲೇ ಉಳ್ಕೊಂಡಿದೆ” ಎಂದಳು. ಅವಳು ಹಿಡಿದಿದ್ದ ವಿಡಿಯೋ ತೋರಿಸು ಎಂದೆ. ಅದನ್ನು ಅವಳೂ ಅಲ್ಲಿಯವರೆಗೆ ನೋಡಿರಲಿಲ್ಲ.

ವಿಡಿಯೋದಲ್ಲಿ ಹಾಡು ಹಸೆ ಎಂಬಲ್ಲಿ ಕಡಿಯುತ್ತದೆ. ಮಾವನ ಬೈಗುಳ ಬರುತ್ತದೆ, ಅವ್ವನ ಮಾತು ಬರುತ್ತದೆ, ಟಕ್ ಎನ್ನುತ್ತದೆ. ಆಮೇಲೆ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆ ನಿಶ್ಶಬ್ದದಲ್ಲಿ ನಡುಮನೆಯ ತುಂಬ ಜನ ಕೂತು ಕೇಳುತ್ತಿದ್ದಾರೆ. ಮಾರಕ್ಕನ ತುಟಿ ಆಡುತ್ತಿದೆ. ನನ್ನ ಮಗ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಾನೆ. ನಾನು ಕೈ ಚಾಚಿ ಗುಂಡಿ ತಿರುಗಿಸುತ್ತಿದ್ದೇನೆ. ಬಹಳ ಹೊತ್ತಾದ ಮೇಲೆ, ಹಾಡು ಮುಗಿದವರಂತೆ, ಎಲ್ಲರೂ ಒಟ್ಟಿಗೆ ಅಲುಗುತ್ತಾರೆ. ಅಶ್ವಿನಿ ಫೋನನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದಳು. ಆ ವಿಡಿಯೋ ಅಳಿಸಿಬಿಡುತ್ತೇನೆ ಎಂದಳು. ನನಗೆ ಕಳಿಸಿ ಅಳಿಸು ಎಂದೆ. ಅದು ಈಗಲೂ ನನ್ನ ಹತ್ತಿರ ಇದೆ. ನೆಂಟರಿಗೆ ತೋರಿಸಿದೆ. ಫೋನಿನಲ್ಲಿ ಸರಿಯಾಗಿ ಹಿಡಿದಿಲ್ಲ ಎಂದರು ಕೆಲವರು. ನೀನು ಏನೋ ಮಾಡಿಸಿದ್ದೀಯ ಎಂದರು ಇನ್ನು ಕೆಲವರು.

ಮಾವ ಬರತೊಡಗಿದ್ದು ಆಮೇಲೆ. ಮೊದಲ ಸಲ ಚಳ್ಳಕೆರೆಯಲ್ಲಿ ಬೇರೆ ಕೆಲಸವಿತ್ತು, ಹಾಗೇ ಬಂದೆ ಎಂದ. ನೀರು ಕುಡಿದು, ಅತ್ತಿತ್ತ ನೋಡಿ, “ಅದೊಂದು ನುಡಿ ಹಾಕವ್ವ. ನನ್ನ ಹೆಸರು ಬರ್ತೈತಲ್ಲ, ಅದು” ಎಂದ. ತಾನು ಎಬ್ಬಿಸುವ ಹೊತ್ತಿಗೆ ತಂಗಿ ತನ್ನ ಹೆಸರಿನ ಹತ್ತಿರವೇ ಬಂದಿದ್ದಳು ಎಂಬುದು ಅವನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಅದು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಅದೇ ಕುರ್ಚಿಯನ್ನು ಅದೇ ಜಾಗದಲ್ಲಿ ಹಾಕಿ ಕೂರಿಸಿ ಕ್ಯಾಸೆಟ್ ಹಚ್ಚಿದೆ. ಹಸೆ ಎಂಬಲ್ಲಿ ಹಾಡು ಕಡಿದು ಅವನದೇ ಗಂಟಲು, ನಡುವಯಸ್ಸಿನ ಗಟ್ಟಿ ಗಂಟಲು, ಆ ಎರಡು ಪೆಟ್ಟಿಗೆಗಳಿಂದ ಅವನ ಮುಖಕ್ಕೆ ಬಂತು. ಅವನು ಹೊಡೆತ ತಿಂದವನಂತೆ ಹಿಂದಕ್ಕೆ ಸರಿದ. ಕೈ ಬಿಡಣ್ಣಾ ಎಂದದ್ದನ್ನು ಅವನು ಅಂದು ಕೇಳಿಸಿಕೊಂಡಿದ್ದನೋ ಇಲ್ಲವೋ, ಇಂದು ಕೇಳಿಸಿಕೊಂಡ. ಖಾಲಿ ಟೇಪು ಓಡುತ್ತಿತ್ತು. ಅವನು ಕೊನೆಯವರೆಗೂ ಕಾದ.

“ಇನ್ನೊಂದು ಸಲ ಹಾಕ್ಲಾ ಮಾವ?” ಎಂದೆ. ಹಾಕು ಎಂದ. ಹಾಕಿದೆ.

ಹೀಗೆ ಎಷ್ಟೋ ಸಲ ಬಂದ. ಅವನು ಬರುವ ಸುದ್ದಿ ಸಿಕ್ಕರೆ ನಾನು ಆಂಪ್ಲಿಫೈಯರಿನ ಧೂಳು ಒರೆಸಿಡುತ್ತಿದ್ದೆ. ಒಂದೊಂದು ಸಲ ಸದ್ದು ಇನ್ನಷ್ಟು ಹೆಚ್ಚಿಸುತ್ತಿದ್ದೆ. ಈ ಸಲ ಬಂದರೂ ಬರಬಹುದು ಎಂದು ಅವನು ಮುಂದಕ್ಕೆ ಬಾಗುತ್ತಿದ್ದ, ಪ್ರತಿ ಸಲ ಅವನ ಬಾಯೇ ಅವನಿಗೆ ಎದುರಾಗುತ್ತಿತ್ತು. ಅವರು ಮುದುಕರು, ಸಾಕು ಮಾಡು ಎಂದರು ಮನೆಯವರು. ನಾನೇನು ಕರೆಸುತ್ತೇನೆಯೇ, ಅವರೇ ಬಂದು ಕೇಳುತ್ತಾರೆ ಎಂದೆ. ಅದು ಸುಳ್ಳಲ್ಲ. ಆ ಮಧ್ಯಾಹ್ನಗಳಷ್ಟು ನೆಮ್ಮದಿ ನನಗೆ ಬೇರೆ ಯಾವುದರಿಂದಲೂ ಸಿಕ್ಕಿಲ್ಲ ಎಂಬುದೂ ಸುಳ್ಳಲ್ಲ.

ಕೊನೆಯ ಸಲ ಬಂದಾಗ ಅವನಿಗೆ ಮೆಟ್ಟಿಲು ಹತ್ತಲು ಆಗಲಿಲ್ಲ, ಹಿಡಿದು ಕರೆತಂದೆವು. ಕ್ಯಾಸೆಟ್ ಬೇಡ ಎಂದ. ನನ್ನ ಕೈ ಹಿಡಿದುಕೊಂಡು, “ನೀನೇ ಹೇಳವ್ವ. ನಿನಗೆ ಬರ್ತೈತೆ. ನಿಂದು ನಮ್ಮ ತಂಗಿ ಗಂಟಲೇ” ಎಂದ.

ಆ ನುಡಿ ನನಗೆ ಅಕ್ಷರ ಬಿಡದೆ ಬರುತ್ತಿತ್ತು. “ಬರಲ್ಲ ಮಾವ” ಎಂದೆ.

ಅವನು ಒತ್ತಾಯ ಮಾಡಲಿಲ್ಲ. ಕೈ ಬಿಟ್ಟ. ಬಸ್ಸಿಗೆ ಹತ್ತಿಸಿ ಬರಲು ಮಗನನ್ನು ಕಳಿಸಿದೆ.

ಮಾವ ತೀರಿಕೊಂಡ ಸುದ್ದಿ ಬಂದಾಗ ನಾನೂ ಹೋದೆ. ಮಣ್ಣಾದ ಮೇಲೆ ಸುಮಿತ್ರ ನನ್ನನ್ನು ಹಿತ್ತಿಲ ಕಡೆ ಕರೆದುಕೊಂಡು ಹೋಗಿ ಕೊನೆಯ ದಿನಗಳ ವಿಷಯ ಹೇಳಿದಳು. ಅಪ್ಪ ಹಾಸಿಗೆ ಹಿಡಿದ ಮೇಲೆ ಮನೆಯಲ್ಲಿ ಯಾರು ಮಾತಾಡಿದರೂ, ಪಾತ್ರೆ ಸದ್ದಾದರೂ ಸುಮ್ಮನಿರಿ ಎಂದು ಕೈಸನ್ನೆ ಮಾಡುತ್ತಿದ್ದರಂತೆ. ಏನೋ ಕೇಳಿಸಿಕೊಳ್ಳುವವರ ಹಾಗೆ ಉಸಿರು ಹಿಡಿದು ಮಲಗಿರುತ್ತಿದ್ದರಂತೆ. ಏನು ಕೇಳಿಸುತ್ತದೆ ಎಂದರೆ ಹೇಳುತ್ತಿರಲಿಲ್ಲವಂತೆ.

ಅವನಿಗೆ ಕೇಳಿಸಿದ್ದು ಹಾಡೋ, ಅವನದೇ ಮಾತೋ? ಅವನದೇ ಮಾತಾಗಿರಲಿ ಎಂದು ನಾನು ಇಂದಿಗೂ ಬಯಸುತ್ತೇನೆ. ಅಂದು ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಹಾಡಿದ್ದು ಏನು, ಯಾರು ಎಂಬುದನ್ನು ಎಷ್ಟು ಯೋಚಿಸಿದರೂ ಹೇಳಲು ನನ್ನಿಂದಾಗಿಲ್ಲ. ಅವ್ವ ಅಣ್ಣನನ್ನು ಕಾಯಲು ಬಂದಳೋ, ನಾನು ಕೊಡಬೇಕೆಂದಿದ್ದ ಶಿಕ್ಷೆಗಿಂತ ದೊಡ್ಡದನ್ನು ಕೊಟ್ಟು ಹೋದಳೋ, ಅದೂ ಗೊತ್ತಿಲ್ಲ. ತಿಳಿದುಕೊಳ್ಳಲು ಒಂದೇ ದಾರಿ ಉಳಿದಿತ್ತು. ಹಾಗೆ ಕಿವಿಗೊಟ್ಟು ಮಲಗಿದ್ದಾಗ ಮಾವನ ಮುಖ ಹೇಗಿತ್ತು ಎಂದು ಸುಮಿತ್ರಳನ್ನು ಕೇಳಿದೆ.

“ಗೋಡೆ ಕಡೆ ತಿರುಗಿ ಮಲಗ್ತಿದ್ರು ಕಣೆ” ಎಂದಳು. “ಕಾಣ್ತಿರ್ಲಿಲ್ಲ.”